ನುಡಿಸುವ ಪ್ರೋಗ್ರಾಮೂ ಹಾಡಿನ ಭಾಗವೇ

ನಲವತ್ತು ವರ್ಷಗಳ ಹಿಂದೆ ಯುರೋಪು, ಅಮೆರಿಕಗಳ ಮನೆಗಳಿಗೆ ಬಂದ ಪುಟ್ಟ ಕಂಪ್ಯೂಟರುಗಳಲ್ಲಿ ಕಮೊಡೋರ್ 64 ಒಂದು. 1982ರಲ್ಲಿ ಅದು ಮಾರುಕಟ್ಟೆಗೆ ಬಂತು. ಅದಕ್ಕಾಗಿ ರಚನೆಯಾದ ಸಂಗೀತವನ್ನು ಅಭಿಮಾನಿಗಳು ಹೈ ವೋಲ್ಟೇಜ್ ಸಿಡ್ ಕಲೆಕ್ಷನ್ ಎಂಬ ಸಂಗ್ರಹದಲ್ಲಿ ಕೂಡಿಟ್ಟಿದ್ದಾರೆ. 50,000ಕ್ಕೂ ಹೆಚ್ಚು ರಚನೆಗಳು ಅಲ್ಲಿವೆ. ಅವುಗಳಲ್ಲಿ ಯಾವುದಾದರೊಂದು ಫೈಲನ್ನು ಬಿಚ್ಚಿ ನೋಡಿದರೆ ಮುದ್ರಿಸಿಟ್ಟ ಸದ್ದು ಸಿಗುವುದಿಲ್ಲ, ಸರಿಗಮ ಬರೆದ ಸ್ವರಲಿಪಿಯೂ ಸಿಗುವುದಿಲ್ಲ. ಸಿಗುವುದು ಕೆಲವೇ ಕಿಲೋಬೈಟಿನ ಒಂದು ಪ್ರೋಗ್ರಾಂ. ಫೈಲಿನ ತಲೆಬರಹದಲ್ಲಿ ಎರಡು ಮುಖ್ಯ ವಿಳಾಸಗಳಿರುತ್ತವೆ: ಹಾಡು ಶುರುಮಾಡಲು ಒಮ್ಮೆ ಎಲ್ಲಿಗೆ ಹೋಗಬೇಕು, ಆಮೇಲೆ ಸಾಮಾನ್ಯವಾಗಿ ಸೆಕೆಂಡಿಗೆ 50 ಸಲ ಎಲ್ಲಿಗೆ ಹೋಗುತ್ತಿರಬೇಕು ಎಂದು. ಮಿಕ್ಕದ್ದು 6502 ಪ್ರೊಸೆಸರ್ ಕುಟುಂಬದ ಯಂತ್ರಭಾಷೆ ಮತ್ತು ಅದು ಓದುವ ಅಂಕಿಗಳು. ಈ ಫೈಲನ್ನು ಇಂದಿನ ಮೊಬೈಲಿನಲ್ಲಿ ಕೇಳಬೇಕಾದರೂ ಮೊಬೈಲು ಆ ಹಳೆಯ ಪ್ರೊಸೆಸರಿನ ವೇಷ ಹಾಕಿಕೊಂಡು ಪ್ರೋಗ್ರಾಮನ್ನು ಓಡಿಸಬೇಕು. ಓಡಿಸದೆ ಹಾಡು ಹುಟ್ಟುವುದಿಲ್ಲ. ಇದರಿಂದ ಏಳುವ ಪ್ರಶ್ನೆ ಸರಳವಾದದ್ದು: ಇಲ್ಲಿ ಕೃತಿ ಎಂದು ಯಾವುದನ್ನು ಕರೆಯಬೇಕು? ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಸ್ವರಗಳನ್ನು ಓದಿ ಚಿಪ್ಪಿಗೆ ತಲುಪಿಸುವ ಅಸೆಂಬ್ಲಿ ಕೋಡನ್ನೂ, ಅಂದರೆ ಮನುಷ್ಯರು ಓದಿ ಬರೆಯಬಲ್ಲ ರೂಪದ ಯಂತ್ರಭಾಷೆಯನ್ನೂ, ಸಂಗೀತರಚನೆಯೆಂದೇ ಎಣಿಸಬೇಕು. ಅದನ್ನು ಬಿಟ್ಟು ಬರೀ ಧ್ವನಿಮುದ್ರಣವನ್ನು ಕಾಪಾಡಿದರೆ ಅರ್ಧ ಕೃತಿಯನ್ನಷ್ಟೇ ಕಾಪಾಡಿದಂತೆ.

ಮೊದಲು ಆ ಯಂತ್ರದೊಳಗೆ ಏನು ನಡೆಯುತ್ತದೆ ಎಂದು ಹತ್ತಿರದಿಂದ ನೋಡೋಣ. ಕಮೊಡೋರ್ 64ರ ಸದ್ದಿನ ಚಿಪ್ಪಿನ ಹೆಸರು ಸಿಡ್. ಅದನ್ನು ವಿನ್ಯಾಸ ಮಾಡಿದವರು ಬಾಬ್ ಯಾನ್ನೆಸ್. ಮುಂದೆ ಎನ್ಸೋನಿಕ್ ಎಂಬ ವಾದ್ಯ ತಯಾರಿಕಾ ಸಂಸ್ಥೆಯನ್ನು ಕಟ್ಟಿದವರಲ್ಲಿ ಅವರೂ ಒಬ್ಬರು. ಅಂದರೆ ಚಿಪ್ಪನ್ನು ಮಾಡಿದವರ ಮನಸ್ಸಿನಲ್ಲಿ ಮೊದಲಿನಿಂದಲೂ ವಾದ್ಯವೇ ಇತ್ತು. ಸಿಡ್‌ಗೆ ಮೂರು ಕಂಠಗಳಿವೆ. ಒಂದೊಂದು ಕಂಠಕ್ಕೂ ಸ್ವರದ ಎತ್ತರ, ಅಲೆಯ ಆಕಾರ, ಸ್ವರ ಏಳುವ ಮತ್ತು ಇಳಿಯುವ ವೇಗ ಇವನ್ನೆಲ್ಲ ಅಂಕಿಗಳಾಗಿ ಬರೆಯಲು ರಿಜಿಸ್ಟರುಗಳಿವೆ. 440 ಹರ್ಟ್ಸ್ ಸ್ವರ ಬೇಕೆನ್ನಿ. ಯುರೋಪಿನ ಮಾದರಿಯ ಯಂತ್ರದಲ್ಲಿ ಅದಕ್ಕೆ ಬರೆಯಬೇಕಾದ ಅಂಕಿ 7493. ಒಂದು ಬೈಟಿನಲ್ಲಿ 255ಕ್ಕಿಂತ ದೊಡ್ಡ ಸಂಖ್ಯೆ ಹಿಡಿಸುವುದಿಲ್ಲ. ಹಾಗಾಗಿ ಅದನ್ನು 69 ಮತ್ತು 29 ಎಂದು ಎರಡಾಗಿ ಒಡೆದು 54272, 54273 ಎಂಬ ಎರಡು ವಿಳಾಸಗಳಿಗೆ ಬರೆಯಬೇಕು. ಆಮೇಲೆ 54276ಕ್ಕೆ 33 ಎಂದು ಬರೆದರೆ ಗರಗಸದ ಹಲ್ಲಿನ ಆಕಾರದ ಅಲೆ ಮೊಳಗುತ್ತದೆ, 17 ಎಂದು ಬರೆದರೆ ಕೊಳಲಿನಂಥ ಮೆತ್ತನೆಯ ತ್ರಿಕೋನದ ಅಲೆ, 129 ಎಂದರೆ ಬರೀ ಗದ್ದಲ. ಈ ಗದ್ದಲವೂ ವ್ಯರ್ಥವಲ್ಲ. ಸೆಕೆಂಡಿನ ಐವತ್ತನೇ ಒಂದು ಭಾಗ 129 ಬರೆದು, ಮರುಕ್ಷಣವೇ 65 ಬರೆದು ಸ್ವರದ ಎತ್ತರವನ್ನು ಸರಸರನೆ ಇಳಿಸಿದರೆ ಕೇಳುವವರ ಕಿವಿಗೆ ಅದು ಡೋಲಿನ ಪೆಟ್ಟು. ಡೋಲಿನ ಸದ್ದನ್ನು ಯಾರೂ ಎಲ್ಲೂ ಮುದ್ರಿಸಿಟ್ಟಿಲ್ಲ. ಎರಡು ಕ್ಷಣಗಳಲ್ಲಿ ಯಾವ ಅಂಕಿಯ ಹಿಂದೆ ಯಾವ ಅಂಕಿ ಬಂತು ಎಂಬುದೇ ಡೋಲು.

ಆ ಕಾಲದ ರಚನಕಾರರಾದ ರಾಬ್ ಹಬ್ಬರ್ಡ್, ಮಾರ್ಟಿನ್ ಗ್ಯಾಲ್ವೇ ಮುಂತಾದವರು ತಮ್ಮ ಆಟಗಳ ಸಂಗೀತವನ್ನು ಕಟ್ಟಿದ್ದು ಹೀಗೆಯೇ. 1985ರ ಮಾಂಟಿ ಆನ್ ದ ರನ್ ಆಟದ ಹಬ್ಬರ್ಡ್ ಸಂಗೀತವನ್ನು ಇಂದಿಗೂ ಜನ ಹುಡುಕಿ ಕೇಳುತ್ತಾರೆ. ಅದರ ಸ್ವರಗಳು ಕೋಡಿನಲ್ಲಿ ಅಂಕಿಗಳ ಸಾಲುಗಳಾಗಿ ಕೂತಿವೆ. ಅವನ್ನು ನುಡಿಸುವ ಭಾಗವೂ ಅವರದೇ ಬರಹ. ಅವರು ಸ್ವರವನ್ನು ನಡುಗಿಸುತ್ತಿದ್ದ ಬಗೆಯೊಂದನ್ನೇ ನೋಡಿ. ಈ ಪ್ರೊಸೆಸರಿಗೆ ಕೂಡುವುದು, ಕಳೆಯುವುದು ಬರುತ್ತದೆ. ಗುಣಿಸುವ ಆಜ್ಞೆಯೇ ಇಲ್ಲ. ಹಾಗಾಗಿ ಕೋಡು ಈಗ ನುಡಿಯುತ್ತಿರುವ ಸ್ವರಕ್ಕೂ ಅದರ ಮುಂದಿನ ಸ್ವರಸ್ಥಾನಕ್ಕೂ ಇರುವ ಅಂತರವನ್ನು ಲೆಕ್ಕಹಾಕುತ್ತದೆ. ಆ ಅಂತರವನ್ನು ಅರ್ಧ, ಮತ್ತೆ ಅರ್ಧ ಮಾಡುತ್ತ ಹೋಗಿ, ಉಳಿದ ಚೂರನ್ನು ಸ್ವರಕ್ಕೆ ಕೂಡಿ ಕಳೆದು ಅಲುಗಾಡಿಸುತ್ತದೆ. ಮಂದ್ರದಲ್ಲಿ ಸ್ವರಗಳ ನಡುವಿನ ಅಂಕಿಯ ಅಂತರ ಕಿರಿದು, ತಾರದಲ್ಲಿ ಹಿರಿದು. ಈ ಉಪಾಯದಿಂದ ಎರಡು ಕಡೆಯೂ ಕಿವಿಗೆ ಒಂದೇ ಅಳತೆಯ ಕಂಪನ ಕೇಳುತ್ತದೆ. ನಮ್ಮ ಕರ್ನಾಟಕ ಸಂಗೀತದ ಪುಸ್ತಕಗಳಲ್ಲಿ ಸ್ವರವನ್ನು ಅಚ್ಚು ಹಾಕಿರುತ್ತಾರೆ, ಗಮಕವನ್ನು ಮಾತ್ರ ಗುರುವಿನ ಬಾಯಿಂದಲೇ ಕಲಿಯಬೇಕು. ಇಲ್ಲಿ ಬಾಯಿಂದ ಕಲಿಸಲು ಯಂತ್ರಕ್ಕೆ ಕಿವಿಯಿಲ್ಲ. ಎಷ್ಟು ಆಳಕ್ಕೆ, ಎಷ್ಟು ಬೇಗ, ಸ್ವರ ಹಿಡಿದು ಎಷ್ಟು ಹೊತ್ತಾದ ಮೇಲೆ ನಡುಗಬೇಕು ಎಂಬುದೆಲ್ಲವನ್ನೂ ಬರೆದೇ ತೀರಬೇಕು. ಅದು ಬರೆದಿರುವುದು ಸ್ವರಗಳ ಸಾಲಿನಲ್ಲಲ್ಲ, ನುಡಿಸುವ ಕೋಡಿನಲ್ಲಿ. ಗಮಕ ಎಲ್ಲಿದೆಯೋ ಸಂಗೀತವೂ ಅಲ್ಲಿದೆ ಎಂದು ಒಪ್ಪುವವರು ಈ ಕೋಡನ್ನು ಬರೀ ಸಾಧನವೆಂದು ತಳ್ಳಿಹಾಕಲಾರರು.

ಕೋಡು ಬರೆಯುವವರಿಗೆ ಇನ್ನೊಂದು ಬಿಗಿಯಿತ್ತು, ಸಮಯದ್ದು. ಯುರೋಪಿನ ಕಮೊಡೋರ್ 64ರಲ್ಲಿ ಪರದೆಯ ಒಂದು ಚಿತ್ರ ಮೂಡಲು 312 ಗೆರೆಗಳು, ಗೆರೆಗೆ 63 ಸೈಕಲ್, ಅಂದರೆ ಪ್ರೊಸೆಸರಿನ ಗಡಿಯಾರದ 63 ಮಿಡಿತ. ಒಟ್ಟು 19,656 ಸೈಕಲ್. ಆಟದ ಚಲನೆ, ಡಿಕ್ಕಿಯ ಲೆಕ್ಕ, ಅಂಕಗಳು, ಸಂಗೀತ ಎಲ್ಲವೂ ಅಷ್ಟರಲ್ಲೇ ಮುಗಿಯಬೇಕು. ಸಂಗೀತ ಎಷ್ಟು ನುಂಗುತ್ತಿದೆ ಎಂದು ಅಳೆಯಲು ಅವರು ಕಂಡುಕೊಂಡ ದಾರಿ ಬಹಳ ಸುಂದರವಾದದ್ದು. ಸಂಗೀತದ ಕೋಡನ್ನು ಕರೆಯುವ ಮೊದಲು ಪರದೆಯ ಅಂಚಿನ ಬಣ್ಣವನ್ನು ಇಟ್ಟುಕೊಂಡಿರುವ 53280ನೇ ವಿಳಾಸದ ಅಂಕಿಗೆ ಒಂದು ಕೂಡುವುದು, ಕೋಡು ಮುಗಿದು ಬಂದೊಡನೆ ಒಂದು ಕಳೆಯುವುದು. ಅಷ್ಟು ಮಾಡಿದರೆ ಪರದೆಯ ಅಂಚಿನಲ್ಲಿ ಬೇರೆ ಬಣ್ಣದ ಒಂದು ಪಟ್ಟಿ ಕಾಣುತ್ತದೆ. ಪಟ್ಟಿಯ ಎತ್ತರವೇ ಸಂಗೀತ ತೆಗೆದುಕೊಂಡ ಸಮಯ. 25 ಗೆರೆಯಷ್ಟು ಎತ್ತರವಿದ್ದರೆ ಒಟ್ಟು ಸಮಯದ ನೂರಕ್ಕೆ 8 ಭಾಗ ಖರ್ಚಾಯಿತು ಎಂದು ಗಡಿಯಾರವಿಲ್ಲದೆ ಕಣ್ಣಲ್ಲೇ ಓದಬಹುದು. ಹಾಡು ನಡೆಯುತ್ತಿದ್ದಂತೆ ಪಟ್ಟಿ ಹಿಗ್ಗುತ್ತದೆ, ಕುಗ್ಗುತ್ತದೆ. ಮೂರು ಕಂಠಗಳೂ ಒಂದೇ ಕ್ಷಣ ಹೊಸ ಸ್ವರ ಹಿಡಿದಾಗ ಉದ್ದವಾಗುತ್ತದೆ.

ಇದಕ್ಕಿಂತ ಬಿಗಿಯಾದ ಉದಾಹರಣೆ ಬ್ರಿಟನ್ನಿನ ಸಿಂಕ್ಲೇರ್ ಜ಼ಡ್‌ಎಕ್ಸ್ ಸ್ಪೆಕ್ಟ್ರಂ. ಅದೂ 1982ರದ್ದೇ. 48 ಕಿಲೋಬೈಟಿನ ಆ ಯಂತ್ರದಲ್ಲಿ ಸಂಗೀತದ ಚಿಪ್ಪೇ ಇಲ್ಲ. ಇರುವುದು ಒಂದು ಪುಟ್ಟ ಸ್ಪೀಕರು. ಅದನ್ನು ಒಳಕ್ಕೆ ಎಳೆಯಬಹುದು, ಹೊರಕ್ಕೆ ತಳ್ಳಬಹುದು, ಅಷ್ಟೇ. ಗಟ್ಟಿ, ಮೆಲ್ಲಗೆ ಎಂಬ ಭೇದವೇ ಇಲ್ಲ. ಪ್ರೊಸೆಸರು ಸೆಕೆಂಡಿಗೆ 35 ಲಕ್ಷ ಸೈಕಲ್ ಓಡುತ್ತದೆ. 440 ಹರ್ಟ್ಸ್ ಸ್ವರ ಬೇಕೆಂದರೆ ಸುಮಾರು 3977 ಸೈಕಲ್ಲಿಗೊಮ್ಮೆ ಸ್ಪೀಕರಿನ ಸ್ಥಿತಿಯನ್ನು ಬದಲಿಸುತ್ತಿರಬೇಕು. ಒಂದು ಸ್ವರಕ್ಕೆ ಇದು ಸುಲಭ. ಒಟ್ಟಿಗೆ ಎರಡು ಸ್ವರ ಕೇಳಿಸಬೇಕಾದರೆ ಎರಡು ಎಣಿಕೆಗಳನ್ನು ಒಂದೇ ಸುತ್ತಿನಲ್ಲಿ ಇಳಿಸುತ್ತ ಹೋಗಿ, ಯಾವುದು ಸೊನ್ನೆಗೆ ಬಂತೋ ಅದರ ಪಾಲಿನ ಬದಲಾವಣೆ ಮಾಡಬೇಕು. ತೊಡಕು ಇರುವುದು ಇಲ್ಲಿ: ಸೊನ್ನೆ ಬಂದ ಸುತ್ತಿಗೂ ಬಾರದ ಸುತ್ತಿಗೂ ಒಂದೇ ಸಮಯ ಹಿಡಿಯಬೇಕು. ಇಲ್ಲದಿದ್ದರೆ ಸ್ವರ ಒರಟಾಗುತ್ತದೆ, ಶ್ರುತಿ ಕೆಡುತ್ತದೆ. ಈ ಜ಼ಡ್80 ಪ್ರೊಸೆಸರಿನಲ್ಲಿ ಷರತ್ತಿನ ಮೇಲೆ ನೆಗೆಯಲು ಎರಡು ಆಜ್ಞೆಗಳಿವೆ. ಒಂದು ಎರಡೇ ಬೈಟಿನದು. ನೆಗೆದರೆ 12 ಸೈಕಲ್, ನೆಗೆಯದಿದ್ದರೆ 7. ಇನ್ನೊಂದು ಮೂರು ಬೈಟಿನದು. ನೆಗೆದರೂ 10, ನೆಗೆಯದಿದ್ದರೂ 10. ಬೇರೆ ಕೆಲಸಕ್ಕಾದರೆ ಜಾಗ ಉಳಿಯಲೆಂದು ಮೊದಲನೆಯದನ್ನು ಬಳಸುವವರುಂಟು. ಸಂಗೀತದವರು ಒಂದು ಬೈಟು ಹೋದರೆ ಹೋಗಲಿ, ತಾಳ ನಿಲ್ಲಲಿ ಎಂದು ಎರಡನೆಯದನ್ನು ಆರಿಸುತ್ತಾರೆ. ಅಷ್ಟೇ ಅಲ್ಲ, ಮೆಮೊರಿಯ 16384ರಿಂದ 32767ರವರೆಗಿನ ಭಾಗವನ್ನು ಪರದೆಯ ಚಿತ್ರ ಮೂಡಿಸುವ ಚಿಪ್ಪೂ ಓದುತ್ತಿರುವುದರಿಂದ ಅಲ್ಲಿರುವ ಕೋಡು ಆಗಾಗ ಕಾಯಬೇಕಾಗುತ್ತದೆ. ಹಾಗಾಗಿ ನುಡಿಸುವ ಕೋಡನ್ನು 32768ರಿಂದ ಆಚೆಗೆ ಇಡಬೇಕು. ಯಾವ ಮನೆ ಸಂಖ್ಯೆಯಲ್ಲಿ ಕೂತು ಹಾಡಿದರೆ ಶ್ರುತಿ ನಿಲ್ಲುತ್ತದೆ ಎಂಬುದೂ ರಚನೆಯ ಪ್ರಶ್ನೆಯಾಯಿತು! ಟಿಮ್ ಫಾಲಿನ್ ಎಂಬ ಹದಿಹರೆಯದ ಇಂಗ್ಲಿಷ್ ರಚನಕಾರ ಏಜೆಂಟ್ ಎಕ್ಸ್, ಕ್ರೋನೋಸ್ ಆಟಗಳಿಗೆ ಈ ಒಂದೇ ಸ್ಪೀಕರಿನಿಂದ ಹಲವು ಕಂಠಗಳನ್ನು ಹೊರಡಿಸಿದ್ದು 1986–87ರ ಹೊತ್ತಿಗೆ. ಆ ಸಂಗೀತ ನುಡಿಯುವಾಗ ಯಂತ್ರ ಬೇರೇನೂ ಮಾಡಲಾರದು. ಅದರ ಸಮಯವೆಲ್ಲ ಸಂಗೀತದ ಪಾಲು.

ಇಲ್ಲಿ ಮೊದಲ ಆಕ್ಷೇಪವನ್ನು ಎದುರಿಸಬೇಕು. ಇದೆಲ್ಲ ಆರಂಭದ ಮಾತು, 1987ರಲ್ಲಿ ಟ್ರ್ಯಾಕರ್ ಎಂಬ ಸಂಗೀತ ಕಟ್ಟುವ ಪ್ರೋಗ್ರಾಂ ಬಂದ ಮೇಲೆ ಕೋಡು ಬಾರದವರೂ ಸಂಗೀತ ಕಟ್ಟಿದರಲ್ಲ, ಹಾಗಿದ್ದ ಮೇಲೆ ಕೋಡಿಗೇಕೆ ಈ ಪಟ್ಟ ಎಂಬುದು ಆ ಆಕ್ಷೇಪ. ಇದು ತೂಕದ ಮಾತೇ. ಕ್ರಿಸ್ ಹ್ಯೂಲ್ಸ್‌ಬೆಕ್ ಅವರ ಸೌಂಡ್‌ಮಾನಿಟರ್ ಎಂಬ ಅಂಥದೇ ಪ್ರೋಗ್ರಾಂ ಇನ್ನೂ ಮುಂಚೆ, 1986ರಲ್ಲಿ, ಜರ್ಮನಿಯ 64ಅರ್ ಪತ್ರಿಕೆಯಲ್ಲಿ ಅಚ್ಚಾಗಿತ್ತು. ಓದುಗರು ಅದನ್ನು ನೋಡಿಕೊಂಡು ತಮ್ಮ ಯಂತ್ರಕ್ಕೆ ಬೆರಳಚ್ಚು ಮಾಡಿಕೊಳ್ಳಬೇಕಿತ್ತು. ಮರುವರ್ಷ ಕಾರ್ಸ್ಟೆನ್ ಒಬಾರ್ಸ್ಕಿ ಅಮಿಗಾ ಕಂಪ್ಯೂಟರಿಗೆ ಅಲ್ಟಿಮೇಟ್ ಸೌಂಡ್‌ಟ್ರ್ಯಾಕರ್ ಬರೆದರು. ಟ್ರ್ಯಾಕರ್ ಎಂಬ ಹೆಸರು ನಿಂತದ್ದು ಅದರಿಂದ. ಅಮಿಗಾದ ಪೌಲಾ ಚಿಪ್ಪು ನಾಲ್ಕು ಸ್ಯಾಂಪಲ್‌ಗಳನ್ನು, ಅಂದರೆ ಮುದ್ರಿಸಿದ ಸದ್ದಿನ ತುಣುಕುಗಳನ್ನು, ಪ್ರೊಸೆಸರಿಗೆ ತೊಂದರೆ ಕೊಡದೆ ಮೆಮೊರಿಯಿಂದ ತಾನೇ ಓದಿ ನುಡಿಸಬಲ್ಲದು. ಪರದೆಯ ಮೇಲೆ ನಾಲ್ಕು ಕಾಲಂಗಳು, 64 ಸಾಲುಗಳು; ಕಾಲ ಮೇಲಿನಿಂದ ಕೆಳಕ್ಕೆ ಹರಿಯುತ್ತದೆ. ಒಂದೊಂದು ಮನೆಗೂ ನಾಲ್ಕು ಬೈಟು. ಹಾಗಾಗಿ ಒಂದು ಪುಟ ಸರಿಯಾಗಿ 1024 ಬೈಟು. ಮೂಲ ಪ್ರೋಗ್ರಾಮನ್ನು ಇತರರು ಬಿಚ್ಚಿ, ತಿದ್ದಿ ಬೆಳೆಸಿದ್ದರಿಂದ 1989ರಲ್ಲಿ ಸ್ವೀಡನ್ನಿನ ನಾಯ್ಸ್‌ಟ್ರ್ಯಾಕರ್, 1990ರಲ್ಲಿ ಪ್ರೋಟ್ರ್ಯಾಕರ್ ಬಂದವು.

ಈಗ ಆ ಒಂದು ಮನೆಯಲ್ಲಿ ಏನಿದೆ ನೋಡಿ. ಸ್ವರದ ಹೆಸರು, ಸ್ಯಾಂಪಲ್ಲಿನ ಸಂಖ್ಯೆ, ಆಮೇಲೆ ಮೂರು ಅಂಕಿಯ ಒಂದು ಆಜ್ಞೆ. 047 ಎಂದು ಬರೆದರೆ ಹಿಡಿದ ಸ್ವರವನ್ನು ಷಡ್ಜವೆಂದುಕೊಂಡು, ಅದರಿಂದ ನಾಲ್ಕನೇ ಸ್ಥಾನಕ್ಕೆ, ಏಳನೇ ಸ್ಥಾನಕ್ಕೆ, ಮತ್ತೆ ಮೂಲಕ್ಕೆ ಎಂದು ಸೆಕೆಂಡಿಗೆ 50 ಹೆಜ್ಜೆಯ ವೇಗದಲ್ಲಿ ಸುತ್ತುತ್ತಿರು ಎಂದು ಅರ್ಥ. ನಮ್ಮ ಮಾತಿನಲ್ಲಿ ಹೇಳುವುದಾದರೆ ಸ, ಅಂತರ ಗಾಂಧಾರ, ಪ. 037 ಎಂದರೆ ಗಾಂಧಾರ ಒಂದು ಸ್ಥಾನ ಕೆಳಗಿಳಿದು ಸಾಧಾರಣ ಗಾಂಧಾರವಾಗುತ್ತದೆ. ಮೂರು ಸ್ವರಗಳ ಒಂದು ಸುತ್ತು ಸೆಕೆಂಡಿನ ನೂರರಲ್ಲಿ ಆರು ಭಾಗದೊಳಗೆ ಮುಗಿಯುವುದರಿಂದ ಒಂದೇ ಕಂಠದಲ್ಲಿ ಮೂವರು ಹಾಡಿದಂತೆ ಒಂದು ಮಿನುಗು ಕೇಳುತ್ತದೆ. ಸಿಡ್‌ನ ಮೂರೇ ಕಂಠಗಳಲ್ಲಿ ಸ್ವರಮೇಳ ತುಂಬಲು ಗ್ಯಾಲ್ವೇಯಂಥವರು ಕೈಯಾರೆ ಬರೆಯುತ್ತಿದ್ದ ಉಪಾಯ ಇಲ್ಲಿ ಒಂದು ಆಜ್ಞೆಯಾಗಿ ಗಟ್ಟಿಗೊಂಡಿದೆ. ಇದೇ ನನ್ನ ಉತ್ತರ. ಟ್ರ್ಯಾಕರ್ ಕೋಡನ್ನು ಸಂಗೀತದಿಂದ ಹೊರಗೆ ಹಾಕಲಿಲ್ಲ, ಅದನ್ನು ಎಲ್ಲರೂ ಬರೆಯಬಲ್ಲ ಅಂಕಿಗಳಾಗಿ ಹಂಚಿತು. ಆ ಮನೆಗಳನ್ನು ತುಂಬುವವರು ಅಸೆಂಬ್ಲಿ ಕಲಿತಿರಬೇಕಿಲ್ಲ, ಆದರೆ ಅವರು ಯೋಚಿಸುವುದು ನುಡಿಸುವ ಕೋಡಿನ ಹೆಜ್ಜೆಗಳಲ್ಲೇ: ಒಂದು ಸಾಲಿಗೆ ಆರು ಹೆಜ್ಜೆ, ಅದರಲ್ಲಿ ಮೊದಲನೆಯದರಲ್ಲಿ ಸ್ವರ, ಮಿಕ್ಕ ಐದರಲ್ಲಿ ಜಾರು, ಕಂಪನ, ಇಳಿತ. ಆ ಆರು ಹೆಜ್ಜೆಗಳನ್ನು ಹಾಕಿಕೊಟ್ಟದ್ದು ಅಸೆಂಬ್ಲಿ ಬರೆದವರು.

ಎರಡನೇ ಆಕ್ಷೇಪ ಕೇಳುಗರ ಪರವಾದದ್ದು. ಸಂಗೀತವನ್ನು ಅಳೆಯಬೇಕಾದ್ದು ಕಿವಿ. ಒಳಗೆ ಏನಿದ್ದರೇನು, ಚೆನ್ನಾಗಿ ಮುದ್ರಿಸಿಟ್ಟರೆ ಸಾಲದೇ? ಕಿವಿಯೇ ಕೊನೆಯ ನ್ಯಾಯಾಧೀಶ ಎಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಯಾವ ಮುದ್ರಣ? ಯುರೋಪಿನ ಯಂತ್ರಕ್ಕೆ ಬರೆದ ಹಾಡನ್ನು ಅಮೆರಿಕದ ಕಮೊಡೋರ್ 64ರಲ್ಲಿ ಪರದೆಯ ಚಿತ್ರದ ಜೊತೆ ಹೆಜ್ಜೆ ಹಾಕಿಸಿ ನುಡಿಸಿದರೆ, ಅಲ್ಲಿ ಚಿತ್ರ ಸೆಕೆಂಡಿಗೆ 60 ಸಲ ಮೂಡುವುದರಿಂದ ಲಯ ಐದರಲ್ಲಿ ಒಂದು ಪಾಲು ಹೆಚ್ಚು ವೇಗವಾಗಿ ಓಡುತ್ತದೆ. ಗಡಿಯಾರವೂ ತುಸು ವೇಗವಾಗಿರುವುದರಿಂದ ಶ್ರುತಿ ಅರ್ಧ ಸ್ವರಸ್ಥಾನಕ್ಕಿಂತ ಹೆಚ್ಚು ಏರುತ್ತದೆ. ಸಿಡ್‌ನ ಮೊದಲ ಮಾದರಿ 6581ರಲ್ಲಿ ಸದ್ದನ್ನು ಸೋಸುವ ಫಿಲ್ಟರು ಒಂದು ಚಿಪ್ಪಿನಲ್ಲಿದ್ದಂತೆ ಇನ್ನೊಂದು ಚಿಪ್ಪಿನಲ್ಲಿ ಇರುತ್ತಿರಲಿಲ್ಲ. ಅದೇ ಮಾದರಿಯಲ್ಲಿ ಒಟ್ಟು ಸದ್ದಿನ ಮಟ್ಟವನ್ನು ಬದಲಿಸಿದಾಗಲೆಲ್ಲ ಒಂದು ಸಣ್ಣ ಟಿಕ್ ಎಂಬ ಶಬ್ದ ಬರುತ್ತಿತ್ತು, ಅದು ವಿನ್ಯಾಸದ ದೋಷ. ಸೆಕೆಂಡಿಗೆ ಸಾವಿರಾರು ಸಲ ಆ ಮಟ್ಟವನ್ನು ಬದಲಿಸಿದರೆ ಟಿಕ್‌ಗಳೇ ಸೇರಿ ಮುದ್ರಿಸಿದ ಮಾತಾಗುತ್ತವೆ, ಡೋಲಾಗುತ್ತವೆ ಎಂದು ಪ್ರೋಗ್ರಾಂ ಬರೆಯುವವರು ಕಂಡುಕೊಂಡರು. ಮೂರು ಕಂಠದ ಚಿಪ್ಪಿಗೆ ನಾಲ್ಕನೇ ಕಂಠ ಬಂತು. ನಂತರ ಬಂದ 8580 ಮಾದರಿಯಲ್ಲಿ ದೋಷವನ್ನು ತಿದ್ದಿದರು, ಆ ಕಂಠ ಕ್ಷೀಣವಾಯಿತು. ಧ್ವನಿಮುದ್ರಣ ಇವುಗಳಲ್ಲಿ ಒಂದು ಯಂತ್ರದ ಒಂದು ಸಂಜೆಯನ್ನು ಹಿಡಿಯುತ್ತದೆ, ಕಛೇರಿಯ ಮುದ್ರಣದಂತೆ. ಅದಕ್ಕೆ ಬೆಲೆಯಿದೆ. ಆದರೆ ಕಛೇರಿಯೊಂದೇ ಉಳಿದು ಕೃತಿ ಕಳೆದುಹೋದರೆ ಮುಂದೆ ಯಾರೂ ಅದನ್ನು ಮತ್ತೆ ಹಾಡಲಾರರು.

ಇದೇ ಮಾತಿನಿಂದ ನನಗೆ ಎದುರಾಗುವ ಪ್ರಶ್ನೆಯನ್ನೂ ಹೇಳಬೇಕು. ಕೋಡಿಗೂ ಯಂತ್ರಕ್ಕೂ ಇಷ್ಟು ಬಿಗಿಯಾದ ಗಂಟಿದ್ದರೆ, ಯಂತ್ರ ಸತ್ತ ದಿನ ಕೋಡೂ ಮೂಕವಾಗುವುದಿಲ್ಲವೇ? ಆಗುವುದುಂಟು. ಅಮಿಗಾದಲ್ಲಿ ಒಂದು ಸ್ಯಾಂಪಲ್ ನಿಲ್ಲಿಸಿ ಇನ್ನೊಂದನ್ನು ಶುರುಮಾಡುವ ನಡುವೆ ಪೌಲಾಗೆ ತುಸು ಬಿಡುವು ಕೊಡಬೇಕು. ಹಳೆಯ ನುಡಿಸುವ ಕೋಡುಗಳು ಆ ಬಿಡುವಿಗಾಗಿ ಪ್ರೊಸೆಸರನ್ನು ಸುಮ್ಮನೆ ಎಣಿಸುತ್ತ ಕೂರಿಸುತ್ತಿದ್ದವು. ವೇಗದ ಪ್ರೊಸೆಸರು ಹಾಕಿಸಿದ ಯಂತ್ರದಲ್ಲಿ ಎಣಿಕೆ ಬೇಗ ಮುಗಿದು ಸ್ವರಗಳು ತಪ್ಪತೊಡಗಿದವು. ಇದನ್ನು ಕೋಡಿನ ಕೊರತೆಯೆಂದೇ ಹೇಳುತ್ತೇನೆ. ಎಣಿಕೆಯ ಬದಲು ಪರದೆಯ ಗೆರೆ ಅಥವಾ ಟೈಮರ್ ನೋಡಿ ಕಾಯಬಹುದಿತ್ತು, ಮುಂದೆ ಹಲವರು ಹಾಗೆಯೇ ಬರೆದರು. ಆದರೆ ಈ ಕೊರತೆಯನ್ನು ಕಂಡುಹಿಡಿಯಲು, ತಿದ್ದಲು ಸಾಧ್ಯವಾದದ್ದು ಕೋಡು ಕೈಯಲ್ಲಿದ್ದುದರಿಂದ. ಇಂದು ಹಳೆಯ ಯಂತ್ರವನ್ನು ಅನುಕರಿಸುವ ಪ್ರೋಗ್ರಾಮುಗಳು ಸೈಕಲ್ ಸೈಕಲ್ಲಿಗೂ ನಿಷ್ಠೆ ಇಟ್ಟುಕೊಳ್ಳಲು ಹೆಣಗುವುದೂ ಕೋಡಿಗೂ ಯಂತ್ರಕ್ಕೂ ಇರುವ ಈ ಗಂಟಿನಿಂದಲೇ.

ಅಸೆಂಬ್ಲಿಯೇ ಏಕೆ ಎನ್ನುವವರಿಗೆ ಒಂದೇ ಮಾತು. ಮೇಲುಮಟ್ಟದ ಭಾಷೆಯಲ್ಲಿ ಬರೆದದ್ದನ್ನು ಕಂಪೈಲರ್ ಯಂತ್ರಭಾಷೆಗೆ ಇಳಿಸುವಾಗ ಕೆಲಸ ಸರಿಯಾಗಿ ಆಗುತ್ತದೆ ಎಂಬ ಭರವಸೆ ಕೊಡುತ್ತದೆ. ಎರಡು ದಾರಿಗೂ ಹತ್ತೇ ಸೈಕಲ್ ಹಿಡಿಯುತ್ತದೆ ಎಂಬ ಭರವಸೆ ಕೊಡುವುದಿಲ್ಲ. ಲಯವನ್ನೇ ಬರೆಯುವವರಿಗೆ ಬೇಕಾದ್ದು ಎರಡನೆಯದು. ಹಾಗೆಂದು ಇಂದಿನ ಸಂಗೀತಗಾರರು ಹಳೆಯ ಯಂತ್ರದ ಮುಂದೆಯೇ ಕೂರಬೇಕೆಂದೇನೂ ಇಲ್ಲ. ಗೋಟ್‌ಟ್ರ್ಯಾಕರ್‌ನಂಥ ಉಪಕರಣಗಳು ಇಂದಿನ ಕಂಪ್ಯೂಟರಿನಲ್ಲೇ ಓಡುತ್ತವೆ. ಆದರೆ ಕೊನೆಗೆ ಕಮೊಡೋರ್ 64ಕ್ಕೆ ಇಳಿಯುವುದು ಮತ್ತದೇ 6502ರ ಅಸೆಂಬ್ಲಿಯಲ್ಲಿ ಬರೆದ ನುಡಿಸುವ ಕೋಡು.

ಇದು ಹಳೆಯದರ ಮೇಲಿನ ಹಂಬಲವಷ್ಟೇ ಎಂಬ ಮಾತೂ ಇದೆ. ಹಂಬಲ ಹೊಸದನ್ನು ಹುಟ್ಟಿಸುವುದಿಲ್ಲ. ಇಲ್ಲಿ ಹೊಸ ರಚನೆಗಳು, ಹೊಸ ನುಡಿಸುವ ಕೋಡುಗಳು ಇಂದಿಗೂ ಬರುತ್ತಿವೆ. ಈ ಸಂಗೀತ ಬೆಳೆದ ಡೆಮೊಸೀನ್ ಎಂಬ ಕಲಾವಲಯವನ್ನು ಫಿನ್ಲೆಂಡ್ 2020ರಲ್ಲಿ, ಜರ್ಮನಿ 2021ರಲ್ಲಿ ತಮ್ಮ ಜೀವಂತ ಪರಂಪರೆಯ ರಾಷ್ಟ್ರೀಯ ಪಟ್ಟಿಗೆ ಸೇರಿಸಿದವು. ಜೀವಂತ ಎಂಬ ಮಾತು ಆ ಪಟ್ಟಿಯ ಷರತ್ತು.

ಈ ಕಥೆಯ ಒಂದು ಎಳೆ ನಮ್ಮಲ್ಲಿಗೂ ಬಂದಿತ್ತು. 1984ರಲ್ಲಿ ಭಾರತ ಸರ್ಕಾರ ಆರಂಭಿಸಿದ ಕ್ಲಾಸ್ ಯೋಜನೆಯಡಿ ದೇಶದ ಶಾಲೆಗಳಿಗೆ ಕೊಟ್ಟದ್ದು ಬಿಬಿಸಿ ಮೈಕ್ರೋ ಕಂಪ್ಯೂಟರುಗಳನ್ನು. ಅದರಲ್ಲೂ ಅದೇ 6502 ಕುಟುಂಬದ ಪ್ರೊಸೆಸರು. ಮೂರು ಸ್ವರದ ಕಂಠಗಳೂ ಗದ್ದಲದ ಒಂದು ಕಂಠವೂ ಇರುವ ಸದ್ದಿನ ಚಿಪ್ಪು. ಆ ಕೊಠಡಿಗಳಲ್ಲಿ ಮಕ್ಕಳೂ ಮೇಷ್ಟ್ರುಗಳೂ ಏನೇನು ಬರೆದು ಕ್ಯಾಸೆಟ್ಟಿನಲ್ಲೋ ಫ್ಲಾಪಿಯಲ್ಲೋ ಉಳಿಸಿದ್ದಾರೋ, ಅದರಲ್ಲಿ ಒಂದೆರಡು ಸ್ವರಗಳನ್ನು ನುಡಿಸುವ ಕೋಡೂ ಇರಬಹುದು. ಕ್ಯಾಸೆಟ್ಟಿನ ಕಾಂತಪಟ್ಟಿ ಬೂಸಲು ಹಿಡಿಯುತ್ತದೆ, ಫ್ಲಾಪಿಯ ಬರಹ ಮಾಸುತ್ತದೆ. ಆದುದರಿಂದ ಕೇಳುಗರಲ್ಲಿ ನನ್ನದೊಂದು ಕೋರಿಕೆ: ನಿಮ್ಮ ಶಾಲೆಯ ಉಗ್ರಾಣದಲ್ಲೋ ಮನೆಯ ಅಟ್ಟದ ಮೇಲೋ ಅಂಥ ಯಂತ್ರ, ಕ್ಯಾಸೆಟ್ಟು, ಫ್ಲಾಪಿ, ಅಥವಾ ಕೋಡು ಬರೆದ ಹಳೆಯ ನೋಟುಪುಸ್ತಕ ಇದ್ದರೆ ಗುಜರಿಗೆ ಹಾಕುವ ಮೊದಲು ಬಲ್ಲವರೊಬ್ಬರಿಗೆ ತೋರಿಸಿ, ಒಂದು ಪ್ರತಿ ತೆಗೆಸಿಡಿ.